ಸೈಡು ಕೊಟ್ಟ ಕೈ

"ನಿನಗೆ ಇನ್ಶೂರೆನ್ಸ್ ಕೊಡ್ಲಿಕ್ಕೆ ಆಗುವುದಿಲ್ಲ. ನೀನು ರಿಸ್ಕು," ಎಂದ ಮ್ಯಾನೇಜರ್.

ಅಣ್ಣು ನಿಂತೇ ಇದ್ದ. ಎದುರಿಗೆ ಎರಡು ಕುರ್ಚಿ ಖಾಲಿ ಇದ್ದವು. ಕೂತುಕೋ ಎಂದು ಯಾರೂ ಹೇಳಲಿಲ್ಲ. ಹೇಳುವವರೆಗೆ ಕೂರಬಾರದು ಎಂಬುದು ಅವನ ಕಾಲುಗಳಿಗೆ ಹುಟ್ಟಿದಂದಿನಿಂದ ಗೊತ್ತಿತ್ತು. ತಲೆಗೆ ಮಾತ್ರ ಈಚೆಗೆ ಸಿಟ್ಟು ಬರತೊಡಗಿತ್ತು.

"ರಿಸ್ಕು ಅಂದರೆ ಎಂತ ಸಾರ್?"

"ಲೈಸೆನ್ಸ್ ಆರು ತಿಂಗಳು ಅಮಾನತ್ತಾದವನು. ಧಣಿಗಳ ಹೊಸ ಕಾರನ್ನು ಗದ್ದೆಗೆ ಹಾಕಿದವನು. ನಾಳೆ ಇನ್ನೊಬ್ಬರನ್ನು ಹಾಕಿದರೆ ಕೊಡಬೇಕಾದವರು ನಾವು."

"ಲೈಸೆನ್ಸ್ ವಾಪಸ್ ಬಂದಿದೆ ಸಾರ್. ಸರ್ಕಾರವೇ ಕೊಟ್ಟದ್ದು."

"ಸರ್ಕಾರ ಕೊಡ್ತದೆ. ಅದಕ್ಕೆಂತ ಹೋಗುವುದುಂಟು?"

ಪಕ್ಕದ ಮೇಜಿನಿಂದ ನಗು ಬಂತು. ಅಲ್ಲಿ ಕೂತಿದ್ದವನು ಏಜೆಂಟ್ ಕರುಣಾಕರ, ಊರಿನ ಜಮೀನ್ದಾರಿ ಮನೆಯಾದ ಗುತ್ತಿನ ಧಣಿಯ ತಂಗಿಯ ಮಗ. ಮಾವನ ಅಕ್ಕಿ ಮಿಲ್ಲು, ಲಾರಿ, ಬಸ್ಸು, ಎಲ್ಲದರ ವಿಮೆಯೂ ಅವನ ಕೈಯಲ್ಲಿಯೇ ಈ ಕಚೇರಿಗೆ ಬರುತ್ತಿತ್ತು. ಉಡುಪಿಯ ಆ ಕಚೇರಿಯ ಫ್ಯಾನು ಕೂಡ ಧಣಿಯ ಗಾಳಿಯನ್ನೇ ಬೀಸುತ್ತಿತ್ತು ಎಂದರೆ ತಪ್ಪಿಲ್ಲ.

"ಅಣ್ಣು, ಒಂದು ದಾರಿ ಉಂಟು," ಎಂದ ಕರುಣಾಕರ. "ಗುತ್ತಿನ ಮನೆಗೆ ಬಂದು ಮಾವನ ಎದುರು ತಪ್ಪಾಯಿತು ಅನ್ನು. ದೈವಕ್ಕೆ ತಪ್ಪು ಕಾಣಿಕೆ ಹಾಕು. ಇನ್ನು ಮುಂದೆ ಧಣಿಗಳ ಕಾರಿನ ಮುಂದೆ ಹೋಗುವುದಿಲ್ಲ ಅನ್ನು. ಮಾವ ಒಂದು ಮಾತು ಹೇಳಿದರೆ ನಿನ್ನ ರಿಸ್ಕೆಲ್ಲ ಹೋಗ್ತದೆ."

ಮ್ಯಾನೇಜರ್ ತಲೆಯಾಡಿಸಿದ. ಅವನು ಘಟ್ಟದ ಮೇಲಿನಿಂದ ವರ್ಗವಾಗಿ ಬಂದವನು. ಈ ಊರಿನ ಮಾತಿನಂತೆ ಕಾನೂನೂ ಅವನಿಗೆ ಬೇಗ ತಿಳಿದಿತ್ತು.

ನಡೆದದ್ದು ಇಷ್ಟು. ಅಣ್ಣು ಕಾಪುವಿನ ಕಾಲನಿಯ, ಊರಿನವರು ಮುಟ್ಟಿಸಿಕೊಳ್ಳದ ಮುಂಡಾಲರ ಹುಡುಗ. ಮೌರಿಸ್ ಎಂಬ ಲಾರಿ ಮಾಲಕರ ಬಳಿ ಕ್ಲೀನರ್ ಆಗಿ ಸೇರಿ, ಟಯರು ಹೊತ್ತು, ಗ್ರೀಸು ತಿಂದು, ಸ್ಟಿಯರಿಂಗ್ ಹಿಡಿಯಲು ಕಲಿತ. ಎಂಬತ್ತೊಂದನೇ ಇಸವಿಯಲ್ಲಿ ಬ್ಯಾಂಕಿನ ಸಾಲದಲ್ಲಿ ಹಳೆಯ ಅಂಬಾಸಿಡರ್ ಒಂದನ್ನು ತೆಗೆದುಕೊಂಡು ಬಾಡಿಗೆಗೆ ಬಿಟ್ಟ. ಬಾಡಿಗೆ ಕಾರುಗಳು ನಿಲ್ಲುವಲ್ಲಿ ಅವನನ್ನು ಸಾಲಿನ ಕೊನೆಗೆ ನಿಲ್ಲಿಸಿದರು. ಸರದಿ ಬಂದಾಗಲೂ ಕೊನೆಯಲ್ಲಿಯೇ ಉಳಿಸಿದರು. ಮದುವೆಯವರು ಅವನ ಕಾರಿನ ಬಾಗಿಲು ತೆಗೆದು, ಅವನ ಮುಖ ನೋಡಿ, ಮತ್ತೆ ಮುಚ್ಚಿ ಹೋದರು.

ಆಗ ಬಂದವರು ಮೀನಿನ ಹೆಂಗಸರು. ಅವರಿಗೂ ಊರಿನಲ್ಲಿ ಕಾರು ಸಿಗುತ್ತಿರಲಿಲ್ಲ. ಸೀಟಿಗೆ ವಾಸನೆ ಹಿಡಿಯುತ್ತದೆ ಎಂದು ಬೇರೆ ಡ್ರೈವರುಗಳು ಗ್ಲಾಸು ಏರಿಸುತ್ತಿದ್ದರು. ಬಸ್ಸಿನ ಕಂಡಕ್ಟರು ಹೆಡಿಗೆಯನ್ನು ಕಾಲಿನಿಂದ ತಳ್ಳುತ್ತಿದ್ದ. ಐಸಿನ ನೀರು ತಲೆಯ ಸಿಂಬೆಯನ್ನು ದಾಟಿ ಕುತ್ತಿಗೆ, ಬೆನ್ನು, ಸೊಂಟಕ್ಕೆ ಇಳಿಯುತ್ತ, ಮೊಗವೀರರ ಸುಗಂಧಿಯೂ ಬ್ಯಾರಿ ಮುಸ್ಲಿಮರ ರುಕಿಯಮ್ಮನೂ ಇಪ್ಪತ್ತು ವರ್ಷ ಹಾಗೆಯೇ ಕಾರ್ಕಳದ ಮಾರ್ಕೆಟಿಗೆ ಮೀನು ಹೊತ್ತಿದ್ದರು.

ಮೊದಲ ದಿನ ಸುಗಂಧಿ ಅಣ್ಣುವಿನ ಕಾರಿನ ಸೀಟಿನ ತುದಿಯಲ್ಲಿ, ಮೈ ತಾಗದಂತೆ ಕೂತಿದ್ದಳು. ಅದನ್ನು ಆಮೇಲೆ ಅವಳೇ ಎಲ್ಲರಿಗೂ ಹೇಳಿ ನಗುತ್ತಿದ್ದಳು. "ಅರ್ಧ ದಾರಿಗೆ ಬೆನ್ನು ನೋವು ಬಂತು. ಜಾತಿಗಿಂತ ಬೆನ್ನು ದೊಡ್ಡದು ಅಂತ ಒರಗಿದೆ. ಒರಗಿದ ಮೇಲೆ ಎಂತದೂ ಆಗಲಿಲ್ಲ ಮಾರಾಯ್ತಿ!"

ಹೀಗೆ ಎರಡು ವರ್ಷ ಕಾರು ಓಡಿತು. ಡಿಕ್ಕಿಯಲ್ಲಿ ಬಂಗುಡೆ, ಮೇಲಿನ ಕ್ಯಾರಿಯರಿನಲ್ಲಿ ಬೂತಾಯಿ, ಹಿಂದಿನ ಸೀಟಿನಲ್ಲಿ ಜಗಳ ಮತ್ತು ನಗು.

ಒಂದು ಬೆಳಿಗ್ಗೆ ಶಿರ್ವ ದಾಟಿದ ಮೇಲೆ ಎರಡೂ ಕಡೆ ಗದ್ದೆ ಇರುವ ಸಪೂರ ರಸ್ತೆಯಲ್ಲಿ ಧಣಿಯ ಹೊಸ ಫಿಯಾಟ್ ಮುಂದೆ ಹೋಗುತ್ತಿತ್ತು. ಎತ್ತಿನ ಗಾಡಿಯ ವೇಗ. ತನ್ನ ಗದ್ದೆಗಳನ್ನು ತಾನೇ ನೋಡಿ ಸಂತೋಷಪಡುತ್ತ ಧಣಿ ಮುಂದಿನ ಸೀಟಿನಲ್ಲಿಯೇ ಕೂತಿದ್ದ. ಓಡಿಸುತ್ತಿದ್ದವನು ಅವನ ಡ್ರೈವರ್ ವಾಸು. ಅಣ್ಣು ಹಾರ್ನ್ ಹಾಕಿದ. ವಾಸು ಕನ್ನಡಿಯಲ್ಲಿ ನೋಡಿ, ಕಾರನ್ನು ಸ್ವಲ್ಪ ಎಡಕ್ಕೆ ತೆಗೆದು, ಬಲಗೈ ಹೊರಗೆ ಹಾಕಿ ಹೋಗು ಎಂದು ಬೀಸಿದ. ಡ್ರೈವರ್ ಡ್ರೈವರಿಗೆ ಕೊಡುವ ಮರ್ಯಾದೆ ಅದು. ರಸ್ತೆಯ ಮೇಲೆ ಹಾಗೆಯೇ ನಡೆಯುವುದು.

ಅಣ್ಣುವಿನ ಕಾರು ಪಕ್ಕಕ್ಕೆ ಬಂದಾಗ ಧಣಿ ತಿರುಗಿ ನೋಡಿದ. ಅಣ್ಣುವಿನ ಅಜ್ಜ ಗದ್ದೆಯ ಅಂಚಿನಲ್ಲಿ ಧಣಿಯ ಅಪ್ಪನನ್ನು ಕಂಡರೆ ಕೆಸರಿಗೆ ಇಳಿದು ತಲೆ ಬಗ್ಗಿಸಿ ನಿಲ್ಲಬೇಕಿತ್ತು. ಅವನ ಮೊಮ್ಮಗ ಈಗ ಮೀನಿನ ನೀರು ತೊಟ್ಟಿಕ್ಕಿಸುತ್ತ ಮುಂದೆ ಹೋಗುತ್ತಿದ್ದಾನೆ! "ಯಾರನ್ನು ಕೇಳಿ ಸೈಡು ಕೊಟ್ಟದ್ದು?" ಎಂದು ಕಿರುಚಿದವನೇ ಧಣಿ ಕೈ ಚಾಚಿ ಸ್ಟಿಯರಿಂಗನ್ನು ತನ್ನ ಕಡೆಗೆ ಎಳೆದ. ತಾನು ಕೂತದ್ದು ಎಡಗಡೆ, ಎಡಗಡೆ ಇರುವುದು ಗದ್ದೆ ಎಂಬುದು ಸಿಟ್ಟಿನಲ್ಲಿ ಮರೆತುಹೋಗಿತ್ತು. ಫಿಯಾಟು ಎಮ್ಮೆಯಂತೆ ಕೆಸರಿಗೆ ಇಳಿದು ಮಲಗಿತು.

ಅಣ್ಣು ಕಾರು ನಿಲ್ಲಿಸಿ ಓಡಿಬಂದ. ಹೆಂಗಸರೂ ಇಳಿದರು. ಯಾರಿಗೂ ಗಾಯವಿರಲಿಲ್ಲ. ಸೊಂಟದವರೆಗೆ ಕೆಸರಿನಲ್ಲಿ ನಿಂತು ಅಣ್ಣು ಹಿಂದಿನಿಂದ ಭುಜ ಕೊಟ್ಟ. ವಾಸುವೂ ಕೊಟ್ಟ. ಒಳಗಿದ್ದ ಧಣಿಯನ್ನು ಇಳಿಸಲು ಅಣ್ಣು ಕೈ ಚಾಚಿದರೆ ಅವನು ಹಿಡಿಯಲಿಲ್ಲ. ಗುತ್ತಿನ ಮನೆಯಿಂದ ಹಲಗೆ ಬರುವವರೆಗೆ ಕಾರಿನಲ್ಲಿಯೇ ಕೂತಿದ್ದ. ಬಿಸಿಲು ಏರಿತು. ದೊಡ್ಡವರ ಬೆವರನ್ನು ಅಷ್ಟು ಹತ್ತಿರದಿಂದ ಸುಗಂಧಿ ಕಂಡದ್ದು ಅದೇ ಮೊದಲು.

ಮರುದಿನ ಪೊಲೀಸ್ ಕಂಪ್ಲೇಂಟ್ ಆಯಿತು. ಅಣ್ಣು ಕಾರನ್ನು ನುಗ್ಗಿಸಿ ಗದ್ದೆಗೆ ತಳ್ಳಿದನಂತೆ. ವಿಚಾರಣೆಯಲ್ಲಿ ವಾಸುವನ್ನು ಕೇಳಿದರು, "ನೀನು ಸೈಡು ಕೊಟ್ಟಿದ್ದೆಯಾ?" ವಾಸು ನೆಲ ನೋಡಿ, "ಇಲ್ಲ," ಎಂದ. ಅವನ ಮನೆ ಇದ್ದದ್ದು ಧಣಿಯ ಜಾಗದಲ್ಲಿ. ಕಾರಿನಲ್ಲಿದ್ದ ಹೆಂಗಸರನ್ನು ಯಾರೂ ಕೇಳಲಿಲ್ಲ. ಲೈಸೆನ್ಸ್ ಹೋಯಿತು.

ಆ ಆರು ತಿಂಗಳು ಅಣ್ಣು ಮೌರಿಸರ ಲಾರಿಗೆ ಕೆಂಪು ಕಲ್ಲು ತುಂಬಿದ. ಕಾರು ಹಲಸಿನ ಮರದ ಬುಡದಲ್ಲಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟು ಕಾವು ಕೂತಿತು. ಅಷ್ಟರಲ್ಲಿ ಇನ್ಶೂರೆನ್ಸಿನ ಅವಧಿಯೂ ಮುಗಿದುಹೋಯಿತು. ಕೊನೆಗೆ ಲೈಸೆನ್ಸ್ ಕೈಗೆ ಬಂದ ದಿನ ಕೋಳಿಯನ್ನು ಮರಿಗಳ ಸಮೇತ ಇಳಿಸಿ, ಕಾರು ತೊಳೆದು, ಉಡುಪಿಗೆ ಬಸ್ಸು ಹತ್ತಿ ಬಂದರೆ ಈ ಮಾತು: ನೀನು ರಿಸ್ಕು.

ಅಣ್ಣು ಸುಮ್ಮನಾಗಲಿಲ್ಲ. ಪೇಟೆಯಲ್ಲಿ ಬೇರೆ ವಿಮೆ ಕಚೇರಿಗಳಿದ್ದವು. ಒಂದರಲ್ಲಿ ಸಾಹೇಬರು ರಜೆ. ಇನ್ನೊಂದರಲ್ಲಿ, "ಹಳೇ ಕಚೇರಿಯಲ್ಲಿಯೇ ಮಾಡಿಸು, ನಮಗೆ ಯಾಕೆ ಗುತ್ತಿನವರ ಉಸಾಬರಿ?" ಮತ್ತೊಂದರಲ್ಲಿ ಪ್ಯೂನೇ ಬಾಗಿಲಲ್ಲಿ ತಡೆದು, "ಗದ್ದೆ ಕೇಸಿನ ಅಣ್ಣು ನೀನೇ ಅಲ್ವಾ?" ಎಂದ. ಹೆಸರು ಅವನಿಗಿಂತ ಮೊದಲು ಬಸ್ಸು ಹತ್ತಿ ಬಂದಿತ್ತು. ರಸ್ತೆಗೆ ಇಳಿಯಲು ಇನ್ಶೂರೆನ್ಸ್ ಬೇಕೇ ಬೇಕು ಎಂದು ಸರ್ಕಾರದ ಕಾನೂನು. ಅಣ್ಣುವಿಗೆ ಅದನ್ನು ಕೊಡಲೇಬಾರದು ಎಂದು ಧಣಿಯ ಕಾನೂನು. ಎರಡರ ನಡುವೆ ಸಿಕ್ಕಿಬಿದ್ದದ್ದು ಒಂದು ಬಡ ಅಂಬಾಸಿಡರ್.

ಹೆಂಡತಿ ರತ್ನಾವತಿ ಬೀಡಿ ಕಟ್ಟುತ್ತ ಎಲ್ಲ ಕೇಳಿಸಿಕೊಂಡಳು. "ಹೋಗಿ ಹೇಳಿ ಬನ್ನಿ," ಎಂದಳು. "ಒಂದು ಮಾತು. ಬಾಯಿಯಿಂದ ಬಂದು ಗಾಳಿಗೆ ಹೋಗ್ತದೆ. ಕಾರು ಹೀಗೇ ನಿಂತರೆ ತುಕ್ಕು ಹಿಡೀತದೆ."

ಅಣ್ಣು ಹೋದ.

ಗುತ್ತಿನ ಮನೆಯ ಅಂಗಳ ದೊಡ್ಡದು. ಧಣಿ ಮೇಲೆ ಚಾವಡಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ. ಅಣ್ಣು ಕೆಳಗೆ ಬಿಸಿಲಿನಲ್ಲಿ ನಿಂತ. ಧಣಿ ಅವನ ಕಡೆ ನೋಡಲಿಲ್ಲ. ಕರುಣಾಕರ ಇಳಿದು ಬಂದು, "ಸುಮ್ಮನೆ ನಿಲ್ಲುವುದೆಂತಕ್ಕೆ? ಅಷ್ಟರಲ್ಲಿ ಕಾರು ತೊಳಿ," ಎಂದ.

ಅದೇ ಫಿಯಾಟು. ಅಣ್ಣು ಬಾವಿಯಿಂದ ನೀರು ಸೇದಿದ. ಚಕ್ರದ ಒಳಗೆ ಕೈ ಹಾಕಿ ಮಣ್ಣು ಕೆರೆದ. ಬಂಪರು ಉಜ್ಜಿದ. ಮಂಡಿಯೂರಿ ಅಡಿಯನ್ನೂ ಉಜ್ಜಿದ. ಬೆರಳಿನ ಚರ್ಮ ಸುಲಿಯಿತು. ವಾಸು ದನದ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಿದ್ದ. ತೊಳೆಯುವುದು ಅವನ ಕೆಲಸ. ಅವನು ಎರಡು ಸಲ ಮುಂದೆ ಬಂದ, ಎರಡು ಸಲವೂ ಕರುಣಾಕರ ಕಣ್ಣಿನಲ್ಲೇ ತಡೆದ.

ಕಾರು ಹೊಳೆಯತೊಡಗಿದಾಗ ಧಣಿ ಎಲೆಯ ರಸ ಉಗಿದು ಬಾಯಿ ತೆರೆದ. "ಹ್ಞೂಂ. ಹೇಳು ಈಗ. ತಪ್ಪು ಮಾಡಿದೆ ಅನ್ನು."

ಆಳುಗಳು ನೋಡುತ್ತಿದ್ದರು. ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಅಣ್ಣು ನೆಟ್ಟಗೆ ನಿಂತ. ರತ್ನಾವತಿ ಹೇಳಿದ್ದ ಒಂದು ಮಾತು ಗಂಟಲವರೆಗೆ ಬಂದಿತ್ತು. ಆದರೆ ಅದು ಗಾಳಿಗೆ ಹೋಗುವ ಮಾತಲ್ಲ, ಅಜ್ಜ ನಿಂತ ಕೆಸರಿಗೆ ಹೋಗುವ ಮಾತು ಎಂದು ಅವನಿಗೆ ಅನಿಸಿತು. 

"ಹೌದು ಧಣಿ, ಒಂದು ತಪ್ಪು ಮಾಡಿದೆ," ಎಂದ. "ಈ ಕಾರು ತೊಳೆದೆ. ಅದೊಂದೇ ತಪ್ಪು. ಇನ್ನು ಮಾಡುವುದಿಲ್ಲ."

ಬಟ್ಟೆಯನ್ನು ಬಾನೆಟ್ಟಿನ ಮೇಲೆ ಬಿಸಾಡಿದ. ಪಟಾರನೆ ಸದ್ದಾಯಿತು. ಬಕೆಟಿನಲ್ಲಿದ್ದ ಕೆಸರು ನೀರನ್ನೂ ಕಾರಿನ ಮೇಲೆ ಸುರಿದ. ತೊಳೆದದ್ದು ತನ್ನ ಬೆವರಿನಿಂದ ಎಂದ ಮೇಲೆ ಅದನ್ನು ವಾಪಸ್ ತೆಗೆದುಕೊಳ್ಳುವ ಹಕ್ಕು ತನಗೆ ಇಲ್ಲವೇ? ಗೇಟಿನ ಕಡೆ ನಡೆದ. ಹಿಂದಿನಿಂದ ಬೈಗುಳ ಬಂತು. ತಿರುಗಿ ನೋಡಲಿಲ್ಲ, ಓಡಲೂ ಇಲ್ಲ. 

ಮನೆಗೆ ಬಂದು ಹೇಳಿದಾಗ ರತ್ನಾವತಿ ಬೀಡಿಯ ಮೊರ ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡ.

"ತೊಳೆದ ಕೂಲಿ ಕೊಟ್ಟನಾ?" ಎಂದು ಕೇಳಿದಳು.

"ಇಲ್ಲ."

"ಹಾಗಾದರೆ ನೀರು ಸುರಿದದ್ದು ಸರಿಯೇ," ಎಂದು ನಗತೊಡಗಿದಳು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಅವನೂ ನಕ್ಕ. ಕಾರು ಮಾತ್ರ ಹಲಸಿನ ಬುಡದಲ್ಲಿಯೇ ಇತ್ತು.

ಸುದ್ದಿ ಕಡಲಿನ ಬದಿಗೆ ತಲುಪಲು ಹೊತ್ತು ಬೇಕಾಗಲಿಲ್ಲ. ಸುಗಂಧಿಗೂ ಆ ಆರು ತಿಂಗಳು ಸುಖದ್ದಾಗಿರಲಿಲ್ಲ. ಅಣ್ಣುವಿನ ಕಾರಿಲ್ಲದೆ ಕಾರ್ಕಳದ ದಾರಿ ಮುಚ್ಚಿದ್ದರಿಂದ ಅವಳು ಉಡುಪಿಯ ಬನ್ನಂಜೆಯಲ್ಲಿ ಮನೆ ಮನೆ ತಿರುಗಿ ಮೀನು ಮಾರಿದ್ದಳು. ಅಂಗಾಲು ಬಿರುಕು ಬಿಟ್ಟಿತ್ತು. "ಯಾವ ಕಚೇರಿ ಅದು? ಯಾರು ಆ ಮ್ಯಾನೇಜರು?" ಎಂದು ಅಣ್ಣುವನ್ನು ಕೇಳಿದಳು. ಅವನು ಚಹರೆ ಹೇಳಿದ. ದಪ್ಪ ಕನ್ನಡಕ, ತುಟಿಯ ಮೇಲೆ ಇರುವೆ ಸಾಲಿನಂಥ ಮೀಸೆ. ಸುಗಂಧಿ ರುಕಿಯಮ್ಮನ ಮುಖ ನೋಡಿದಳು. ನಕ್ಕಾಗ ಸುಗಂಧಿಯ ಮೂಗಿನ ಬೊಟ್ಟು ಹೊಳೆಯಿತು.

"ನಾಳೆ ನೀನು ಕಚೇರಿಗೆ ಬಾ ಅಣ್ಣು. ನಾವು ಮಲ್ಪೆಯಿಂದ ನೇರ ಬರ್ತೇವೆ."

ಮರುದಿನ ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೆ ಮೀನಿನ ಹೆಂಗಸರು ಸಾಲಾಗಿ ಬಂದರು. ಬಸ್ಸಿನವರು ಹತ್ತಿಸದೆ ಮಲ್ಪೆಯಿಂದ ನಡೆದೇ ಬಂದಿದ್ದರು. ತಲೆಯ ಮೇಲೆ ತುಂಬಿದ ಹೆಡಿಗೆ, ಬಿಗಿದ ಕುತ್ತಿಗೆ, ಬೆವರಿನಲ್ಲಿ ತೋಯ್ದ ಕುಪ್ಪಸ. ಒಳಗೆ ಬಂದು ಹೆಡಿಗೆ ಇಳಿಸಿದರು. ಐಸಿನ ನೀರು ನೆಲದ ಮೇಲೆ ಹರಿದು ಕರುಣಾಕರನ ಪಾಲಿಶ್ ಮಾಡಿದ ಬೂಟಿನ ಕಡೆಗೆ ಹೊರಟಿತು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಅವರು ಕೂತರು. ಬೆಂಚಿನಲ್ಲಿ, ನೆಲದಲ್ಲಿ, ಮೆಟ್ಟಿಲಲ್ಲಿ. ಅಣ್ಣು ಮ್ಯಾನೇಜರ್ ಮೇಜಿನ ಎದುರಿನ ಖಾಲಿ ಕುರ್ಚಿಯನ್ನು ನೋಡಿದ. ಎಳೆದು ಅವನೂ ಕೂತ.

"ಎಂತ ಇದು? ಇದೇನು ಮಾರ್ಕೆಟಾ?" ಎಂದು ಕೂಗಿದ ಕರುಣಾಕರ.

"ನಾವು ಕಾರ್ಕಳದ ಮಾರ್ಕೆಟಿಗೆ ಹೋಗುವವರು," ಎಂದಳು ಸುಗಂಧಿ. "ಹೋಗುವ ಕಾರನ್ನು ನೀವು ಹಿಡಿದಿಟ್ಟಿರಿ. ಹಾಗಾಗಿ ಮಾರ್ಕೆಟ್ಟೇ ಇಲ್ಲಿಗೆ ಬಂತು."

"ಪೊಲೀಸರನ್ನು ಕರೀತೇನೆ!"

"ಕರಿಯಿರಿ. ಅವರಿಗೂ ಮೀನು ಬೇಕಲ್ಲ?"

ಮ್ಯಾನೇಜರ್ ಒಳಗಿನಿಂದ ಬಂದವನು ಸುಗಂಧಿಯನ್ನು ಕಂಡು ನಿಂತಲ್ಲೇ ನಿಂತ. ಅವನ ಬಾಡಿಗೆ ಮನೆ ಬನ್ನಂಜೆಯಲ್ಲಿ. ಮೀನಿನ ವಾಸನೆ ಬಂದರೂ ಮನೆ ಬಿಡಬೇಕು ಎಂಬ ಕರಾರಿನ ಮೇಲೆ ಸಿಕ್ಕಿದ ಮನೆ. ವಾರಕ್ಕೆರಡು ಸಲ ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ಹರಿವೆ ಸೊಪ್ಪು ಮುಚ್ಚಿ, ಹಿಂದಿನ ಬಾಗಿಲಿಗೆ ಕಾಣೆ ಮೀನು ತಂದುಕೊಡುತ್ತಿದ್ದ ಹೆಂಗಸು ಈಗ ಅವನ ಕಚೇರಿಯ ಮುಂದಿನ ಬಾಗಿಲಿನಿಂದ ಬಂದಿದ್ದಳು.

ಸುಗಂಧಿ ಅವನನ್ನು ಹುಟ್ಟಿದ ಮೇಲೆ ಮೊದಲ ಸಲ ನೋಡುವಂತೆ ನೋಡಿ ಕೈ ಮುಗಿದಳು. "ನಮಸ್ಕಾರ ಸಾರ್. ನಿಮಗೆ ನಮ್ಮ ಪರಿಚಯ ಇರ್ಲಿಕ್ಕಿಲ್ಲ."

"ಇ... ಇಲ್ಲ," ಎಂದ ಮ್ಯಾನೇಜರ್. ಬೆವರು ಒರೆಸಿಕೊಂಡ.

"ಅಣ್ಣುವಿನ ಪರವಾಗಿ ಬೇಕಾದವರು ಮಾತು ಹೇಳಬೇಕು ಅಂದಿರಂತೆ. ನಾವು ಹೇಳ್ಲಿಕ್ಕೆ ಬಂದದ್ದು. ಆ ದಿನ ಕಾರಿನಲ್ಲಿ ಕೂತವರು ನಾವು. ವಾಸು ಕೈ ಬೀಸಿದ್ದನ್ನು ಈ ಕಣ್ಣಿನಿಂದ ನೋಡಿದ್ದೇವೆ. ಆವತ್ತು ಯಾರೂ ಕೇಳಲಿಲ್ಲ. ಇವತ್ತು ನೀವು ಕೇಳಬೇಕು."

ರುಕಿಯಮ್ಮ ಎದ್ದು ನಿಂತು ತಲೆಯ ಬಟ್ಟೆ ಸರಿಮಾಡಿಕೊಂಡಳು. "ರಿಸ್ಕು ರಿಸ್ಕು ಅಂತೀರಲ್ಲ ಸಾಹೇಬರೇ, ನನ್ನ ಗಂಡ ಪುತ್ತುಬ್ಬನವರು ದೋಣಿಯಲ್ಲಿ ಕಡಲಿಗೆ ಹೋಗ್ತಾರೆ. ಅದು ರಿಸ್ಕು. ಇಷ್ಟು ಭಾರ ತಲೆಯಲ್ಲಿಟ್ಟು ಬಸ್ಸಿನ ಏಣಿ ಹತ್ತುವುದು ರಿಸ್ಕು. ಅಣ್ಣುವಿನ ಕಾರಿನಲ್ಲಿ ನಾನು ನಿದ್ದೆ ಮಾಡ್ತೇನೆ. ಕಾರ್ಕಳ ಬಂದ ಮೇಲೆ ಅವನೇ ಎಬ್ಬಿಸುವುದು."

ಹೆಂಗಸರು ಗೊಳ್ಳೆಂದರು. ಕ್ಲಾರ್ಕುಗಳೂ ನಕ್ಕರು. ವಿಮೆ ಮಾಡಿಸಲು ಬಂದಿದ್ದ ಒಬ್ಬ ಗಿರಾಕಿ ಮೂಗು ಮುಚ್ಚಿಕೊಂಡು ಹೋದ. ಇನ್ನೊಬ್ಬ ಬಂಗುಡೆ ಹೇಗೆ ಎಂದು ರೇಟು ಕೇಳಿದ. ಸುಗಂಧಿ ಮಾರಿದಳು. ಇನ್ನಿಬ್ಬರು ಕೇಳಿದರು. ಅವರಿಗೂ ಮಾರಿದಳು. ಹೊತ್ತು ಏರಿದಂತೆ ಮೀನಿನ ವಾಸನೆಯೂ ಏರಿತು, ಫ್ಯಾನು ಅದನ್ನು ಎಲ್ಲರಿಗೂ ಸಮನಾಗಿ ಹಂಚಿತು.

ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರ್ ಸೋತ. "ಆಯಿತು. ಪಾಲಿಸಿ ಕೊಡುವ. ಆದರೆ ಇವನು ಇನ್ನು ಮುಂದೆ ಯಾರನ್ನೂ ಓವರ್‌ಟೇಕ್ ಮಾಡುವುದಿಲ್ಲ ಅಂತ ಹೇಳಲಿ. ಬಾಯಿಮಾತು ಸಾಕು."

ಎಲ್ಲರೂ ಅಣ್ಣುವಿನ ಕಡೆ ನೋಡಿದರು. ರುಕಿಯಮ್ಮ, "ಹೇಳಿಬಿಡು ಮೋನೇ," ಎಂದು ಪಿಸುಗುಟ್ಟಿದಳು.

ಅಣ್ಣು ಕುರ್ಚಿಯಿಂದ ಏಳಲಿಲ್ಲ. "ಹೇಳುವುದಿಲ್ಲ ಸಾರ್. ಸೈಡು ಕೊಟ್ಟರೆ ಮುಂದೆ ಹೋಗ್ತೇನೆ. ಕೊಡದಿದ್ದರೆ ಹಿಂದೆ ಇರ್ತೇನೆ. ಎಲ್ಲ ಡ್ರೈವರುಗಳೂ ಹಾಗೆಯೇ. ಧಣಿಗೊಂದು ರಸ್ತೆ, ನನಗೊಂದು ರಸ್ತೆ ಅಂತ ಟಾರು ಹಾಕಿದ್ದಾರಾ?"

ಕರುಣಾಕರ ಏನೋ ಹೇಳಹೊರಟ. ಸುಗಂಧಿ ಅದೇ ಹೊತ್ತಿಗೆ ಹೆಡಿಗೆಯಿಂದ ಬಾಳೆ ಎಲೆಯ ಪೊಟ್ಟಣವೊಂದನ್ನು ತೆಗೆದು, ಮೇಲಿನ ಹರಿವೆ ಸೊಪ್ಪನ್ನು ಸರಿಮಾಡುತ್ತ, "ಇದೊಂದು ಉಳಿಯಿತು. ಯಾರ ಮನೆಯದ್ದೋ ಎಂತದೋ," ಎಂದಳು.

ಪಾಲಿಸಿ ಟೈಪಾಗಲು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಎಲ್ಲರಿಗೂ ಇರುವ ದರವೇ. ಮ್ಯಾನೇಜರ್ ತಾನೇ ಸೀಲು ಒತ್ತಿದ. ಹೊರಡುವಾಗ ಸುಗಂಧಿ ಪೊಟ್ಟಣವನ್ನು ಅವನ ಮೇಜಿನ ಅಡಿಯಲ್ಲಿ ಇಟ್ಟು ಬಂದಳು. ಅವಳಿಗೆ ಯಾರ ಹೊಟ್ಟೆಯ ಮೇಲೂ ಸಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಬಾಸಿಡರ್ ಕಾಪುವಿನಿಂದ ಹೊರಟಿತು. ಹಿಂದಿನ ಸೀಟಿನಲ್ಲಿ ಇನ್ನೂ ಕೋಳಿಯ ಪುಕ್ಕ ಇತ್ತು. ಅದನ್ನೇ ಹಿಡಿದು ಹೆಂಗಸರು ತಮಾಷೆ ಮಾಡುತ್ತಿದ್ದರು. ಶಿರ್ವ ದಾಟಿತು. ಅದೇ ಗದ್ದೆ, ಅದೇ ಸಪೂರ ರಸ್ತೆ. ಮುಂದೆ ಅದೇ ಫಿಯಾಟು, ಅದೇ ಎತ್ತಿನ ಗಾಡಿಯ ವೇಗ.

ಸುಗಂಧಿ ಕೈಯಲ್ಲಿದ್ದ ಪುಕ್ಕವನ್ನು ಸೀಟಿನ ಮೇಲೆ ಇಟ್ಟಳು. ಗದ್ದೆಗೆ ಬಿದ್ದ ಮೇಲೆ ಧಣಿ ಹಿಂದಿನ ಸೀಟಿಗೆ ಹೋಗಿದ್ದ. ಅವನ ಬಿಳಿ ತಲೆ ಹಿಂದಿನ ಗಾಜಿನಲ್ಲಿ ಕಾಣುತ್ತಿತ್ತು. ಇನ್ನೊಂದು ಕಂಪ್ಲೇಂಟ್ ಆದರೆ ಲೈಸೆನ್ಸ್ ಪೂರ್ತಿ ಹೋಗುತ್ತದೆ. ಅಣ್ಣುವಿಗೆ ಅದು ಗೊತ್ತಿತ್ತು. ಎರಡನೇ ಗೇರಿನಲ್ಲಿ ಹಿಂದೆಯೇ ಹೋದ. ಐಸು ಕರಗಿ ನೀರು ಗ್ಲಾಸಿನ ಮೇಲೆ ಇಳಿಯತೊಡಗಿತು.

"ಮೀನು ಹಾಳಾಗ್ತದೆ ಅಣ್ಣು," ಎಂದಳು ಸುಗಂಧಿ, ಮೆಲ್ಲಗೆ.

ಅಣ್ಣು ಒಂದು ಹಾರ್ನ್ ಹಾಕಿದ. ಒಂದೇ.

ಫಿಯಾಟಿನೊಳಗೆ ಬಿಳಿ ತಲೆ ತಿರುಗಿತು. ಒಂದು ಬೆರಳು ವಾಸುವಿನ ಬೆನ್ನಿನ ಹಿಂದೆ ಆಡಿತು. ಏನು ಹೇಳುತ್ತಿದೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾರು ರಸ್ತೆಯ ನಡುವಿನಲ್ಲಿಯೇ ಸ್ವಲ್ಪ ದೂರ ಹೋಯಿತು. ಅಣ್ಣು ಮತ್ತೆ ಹಾರ್ನ್ ಹಾಕಲಿಲ್ಲ. ವಾಸುವಿನ ಕಣ್ಣು ಕನ್ನಡಿಯಲ್ಲಿ ಅವನನ್ನು ನೋಡಿತು.

ಆಮೇಲೆ ಫಿಯಾಟು ಎಡಕ್ಕೆ ಸರಿಯಿತು. ಬಲಗಡೆಯ ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ಆವತ್ತಿನಂತೆ ಮುಂಗೈ ಮಾತ್ರವಲ್ಲ, ಭುಜದವರೆಗೆ ಬಂತು. ಗದ್ದೆಯಲ್ಲಿ ನೇಜಿ ನೆಡುತ್ತಿದ್ದವರು ಬೆನ್ನು ನೆಟ್ಟಗೆ ಮಾಡಿ ನೋಡುವಂತೆ ಅದು ದೊಡ್ಡದಾಗಿ ಬೀಸಿತು. ಹೋಗು.

ಅಣ್ಣು ಹೋದ. ಪಕ್ಕಕ್ಕೆ ಬಂದಾಗ ತನ್ನ ಕೈಯನ್ನೂ ಎತ್ತಿದ. ವಾಸುವಿನ ಮುಖ ಬಿಳಿಚಿತ್ತು, ತುಟಿಯಲ್ಲಿ ನಗು ಇತ್ತು. ಹಿಂದಿನ ಸೀಟಿನಲ್ಲಿ ಧಣಿಯ ಬಾಯಿ ಆಡುತ್ತಿತ್ತು. ಮೀನಿನ ಹೆಂಗಸರ ಕೇಕೆಯಲ್ಲಿ ಅದು ಕೇಳಿಸಲಿಲ್ಲ. ಮುಂದೆ ಹೋಗಿ ಕನ್ನಡಿಯಲ್ಲಿ ನೋಡಿದರೆ ಕೈ ಇನ್ನೂ ಹೊರಗೇ ಇತ್ತು.

"ಇವತ್ತು ವಾಸುವಿನ ಕೆಲಸ ಹೋಗ್ತದೆ," ಎಂದ ಅಣ್ಣು. 

ರುಕಿಯಮ್ಮ ಹಿಂದಿನಿಂದ ಸರಿದು, ಸುಗಂಧಿಯನ್ನೂ ತಳ್ಳಿ, ಹೆಡಿಗೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು.

"ಬರ್ಲಿಕ್ಕೆ ಹೇಳು," ಎಂದಳು. "ಜಾಗ ಉಂಟು."